ರಾಜ್ಯದ ತೆರಿಗೆ ಮುರಿಯುವಾಗ ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದಲ್ಲಿ ಹೋಟೆಲ್, ದಿನಸಿ ಅಂಗಡಿ, ದಂತ ಚಿಕಿತ್ಸಾಲಯ, ಮಕ್ಕಳ ಡೇಕೇರ್, ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪನಿ ನಡೆಸುತ್ತಿರುವ ಕನ್ನಡಿಗ ಮಾಲೀಕರಿಗೂ ಅವರ ಲೆಕ್ಕ ಬರೆಯುವವರಿಗೂ ಈ ಸೂಚನೆ. ನೌಕರರು ನಾಲ್ಕು ಜನ ಇದ್ದರೂ ಅಷ್ಟೇ, ನಲವತ್ತು ಜನ ಇದ್ದರೂ ಅಷ್ಟೇ. ಸಂಬಳದಲ್ಲಿ ಫೆಡರಲ್ ತೆರಿಗೆ ಮುರಿಯುವಾಗ ಎಲ್ಲರೂ ಎಚ್ಚರದಿಂದ ಇರುತ್ತಾರೆ. ರಾಜ್ಯದ ತೆರಿಗೆಯ ಮಾತು ಬಂದಾಗ ಮಾತ್ರ ಅದು ಫೆಡರಲ್ ಲೆಕ್ಕದ ಹಿಂದೆ ತಾನಾಗಿ ಬರುತ್ತದೆ ಎಂದು ಕೈಬಿಡುತ್ತಾರೆ. ಹಾಗೆ ಬರುವುದಿಲ್ಲ. ರಾಜ್ಯಕ್ಕೆ ಅದರದೇ ಕಾಯ್ದೆ ಇದೆ, ಅದರದೇ ಫಾರಂ, ಅದರದೇ ದರಪಟ್ಟಿ, ಅದರದೇ ದಂಡ.

ಊರಿನ ರೂಢಿ ಇಲ್ಲಿ ದಾರಿ ತಪ್ಪಿಸುತ್ತದೆ. ಭಾರತದಲ್ಲಿ ಕೃಷಿ ಆದಾಯ ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು. ಸಂಬಳದಲ್ಲಿ ರಾಜ್ಯಕ್ಕೆಂದು ಹಿಡಿಯುವುದು ವೃತ್ತಿ ತೆರಿಗೆ ಒಂದೇ. ಅದಕ್ಕೂ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಕರ್ನಾಟಕದಲ್ಲಿ ತಿಂಗಳಿಗೆ 200 ರೂಪಾಯಿ ಹಿಡಿದು ಅಭ್ಯಾಸವಾದವರಿಗೆ ರಾಜ್ಯದ ತೆರಿಗೆ ಎಂದರೆ ಚಿಲ್ಲರೆ ಬಾಬ್ತು ಎನ್ನುವ ಭಾವನೆ ಉಳಿದುಬಿಟ್ಟಿರುತ್ತದೆ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳು ತಾವೇ ಆದಾಯ ತೆರಿಗೆ ಹಾಕುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆಯ ಸಂಬಳದ ಎಂಜಿನಿಯರ್‌ಗೆ ಇದು ವರ್ಷಕ್ಕೆ ಹತ್ತಾರು ಸಾವಿರ ಡಾಲರ್ ಆಗಬಹುದು.

ಕೆಳಗಿನ ಉದಾಹರಣೆಗಳಲ್ಲಿ ಬೇರೆ ವರ್ಷ ಹೇಳದ ಕಡೆ 2025ರ ಅಂಕಿಗಳಿವೆ. ನೀವು ಲೆಕ್ಕ ಹಾಕುವಾಗ ಆಯಾ ವರ್ಷದ, ಆಯಾ ರಾಜ್ಯದ ಪುಸ್ತಿಕೆಯನ್ನೇ ತೆರೆದಿಟ್ಟುಕೊಳ್ಳಿ.

ಯಾವ ರಾಜ್ಯ ಎಂಬುದು ಮೊದಲು

ನೌಕರ ದಿನಾ ಕೂತು ಕೆಲಸ ಮಾಡುವ ಜಾಗ ಯಾವುದು ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಕಂಪನಿ ನೋಂದಣಿಯಾದ ರಾಜ್ಯ, ಬ್ಯಾಂಕ್ ಖಾತೆ ಇರುವ ರಾಜ್ಯ, ಮಾಲೀಕರ ಮನೆ ಇರುವ ರಾಜ್ಯ ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ನಿಯಮದ ಪ್ರಕಾರ ಕೆಲಸ ಎಲ್ಲಿ ನಡೆಯುತ್ತದೋ ಆ ರಾಜ್ಯಕ್ಕೆ ತೆರಿಗೆ ಮುರಿಯಬೇಕು.

ಕನ್ಸಲ್ಟಿಂಗ್ ಕಂಪನಿಯವರು ಇದನ್ನು ಎರಡು ಸಲ ಓದಬೇಕು. ಕಚೇರಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿದೆ, ನೌಕರ ಅಟ್ಲಾಂಟಾದ ಕ್ಲೈಂಟ್ ಬಳಿ ಕೂತಿದ್ದಾನೆ ಎನ್ನಿ. ಅವನ ಸಂಬಳದಲ್ಲಿ ಮುರಿಯಬೇಕಾದ್ದು ಜಾರ್ಜಿಯಾದ ತೆರಿಗೆ. ನೀವು ಜಾರ್ಜಿಯಾದ ಕಂದಾಯ ಇಲಾಖೆಯಲ್ಲಿ ಉದ್ಯೋಗದಾತರಾಗಿ ನೋಂದಾಯಿಸಿಕೊಳ್ಳಬೇಕು, ನೌಕರನಿಂದ ಜಿ-4 ಫಾರಂ ಪಡೆಯಬೇಕು, ಅಲ್ಲಿನ ಪಟ್ಟಿಯಂತೆ ಮುರಿದು ಅಲ್ಲಿಗೇ ಕಟ್ಟಬೇಕು. ಆರು ತಿಂಗಳ ಪ್ರಾಜೆಕ್ಟು, ಅಷ್ಟಕ್ಕೆ ಯಾಕೆ ಹೊಸ ನೋಂದಣಿ ಎಂದು ನ್ಯೂಜೆರ್ಸಿಗೇ ಕಟ್ಟುತ್ತಾ ಹೋಗಬೇಡಿ. ಹಾಗೆ ಮಾಡಿದರೆ ನೌಕರ ಜಾರ್ಜಿಯಾಕ್ಕೆ ಕೈಯಿಂದ ಕಟ್ಟಬೇಕಾಗುತ್ತದೆ, ನ್ಯೂಜೆರ್ಸಿಯಿಂದ ಮರುಪಾವತಿಗೆ ಕಾಯಬೇಕಾಗುತ್ತದೆ. ಮುರಿಯದೆ ಬಿಟ್ಟದ್ದಕ್ಕೆ ಜಾರ್ಜಿಯಾ ನಿಮ್ಮನ್ನೂ ಕೇಳುತ್ತದೆ.

ಎಚ್-1ಬಿ ನೌಕರರಾದರೆ ತೊಡಕು ಇನ್ನೂ ದೊಡ್ಡದು. ಕೆಲಸದ ಜಾಗ ಬೇರೆ ಮಹಾನಗರ ಪ್ರದೇಶಕ್ಕೆ ಬದಲಾದರೆ ತಿದ್ದುಪಡಿ ಅರ್ಜಿ ಹಾಕಬೇಕು ಎಂಬುದು 2015ರಿಂದ ಸ್ಪಷ್ಟವಾಗಿದೆ. ಅರ್ಜಿಯಲ್ಲಿ ಒಂದು ಊರು, ಪೇ ಸ್ಟಬ್‌ನಲ್ಲಿ ಇನ್ನೊಂದು ರಾಜ್ಯದ ತೆರಿಗೆ ಕಂಡರೆ ವೀಸಾ ವಿಸ್ತರಣೆಯ ಸಮಯದಲ್ಲಿ ಪ್ರಶ್ನೆ ಏಳುತ್ತದೆ. ಆಗ ತೊಂದರೆಗೆ ಸಿಕ್ಕಿಕೊಳ್ಳುವವನು ನಿಮ್ಮನ್ನು ನಂಬಿ ಹೆಂಡತಿ ಮಕ್ಕಳೊಡನೆ ಬಂದ ಹುಡುಗ.

ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲದ ರಾಜ್ಯಗಳು ಒಂಬತ್ತು: ಅಲಾಸ್ಕಾ, ಫ್ಲಾರಿಡಾ, ನೆವಾಡಾ, ನ್ಯೂ ಹ್ಯಾಂಪ್‌ಶೈರ್, ಸೌತ್ ಡಕೋಟಾ, ಟೆನೆಸೀ, ಟೆಕ್ಸಾಸ್, ವಾಷಿಂಗ್ಟನ್ ಮತ್ತು ವಯೋಮಿಂಗ್. ಡಲ್ಲಾಸ್‌ನಲ್ಲಿರುವ ಗೆಳೆಯನ ಮನೆಯ ವಿಳಾಸ ಕೊಟ್ಟು, ಸ್ಯಾನ್ ಹೋಸೆಯಲ್ಲಿ ಕೂತು ಕೆಲಸ ಮಾಡುತ್ತಾ, ತೆರಿಗೆ ಮುರಿಯಬೇಡಿ ಎಂದು ಕೇಳುವ ನೌಕರರಿದ್ದಾರೆ. ಒಪ್ಪಬೇಡಿ. ಕೆಲಸ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತಿದೆ ಎಂದು ನಿಮಗೆ ಗೊತ್ತಿದ್ದೂ ಟೆಕ್ಸಾಸ್ ಎಂದು ಬರೆದರೆ ಅದು ಸುಳ್ಳು ದಾಖಲೆ. ಮಾಲೀಕರೇ ಮುಂದಾಗಿ ಇಂಥ ಸಲಹೆ ಕೊಡುವುದನ್ನೂ ಕೇಳಿದ್ದೇನೆ. ಅದಕ್ಕಿಂತ ಕೆಟ್ಟ ಉಪಕಾರ ಇಲ್ಲ.

ಒಂದು ರಾಜ್ಯದಲ್ಲಿ ಮನೆ, ಪಕ್ಕದ ರಾಜ್ಯದಲ್ಲಿ ಕೆಲಸ ಇದ್ದಾಗ ಆ ಎರಡು ರಾಜ್ಯಗಳ ನಡುವೆ ಒಪ್ಪಂದ ಇದೆಯೇ ನೋಡಿ. ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿ ನಡುವೆ ಇದೆ. ಫಿಲಡೆಲ್ಫಿಯಾ ಕಡೆಯಿಂದ ನ್ಯೂಜೆರ್ಸಿಗೆ ಕೆಲಸಕ್ಕೆ ಬರುವವರು ಎನ್‌ಜೆ-165 ಫಾರಂ ಕೊಟ್ಟರೆ ನ್ಯೂಜೆರ್ಸಿಯ ತೆರಿಗೆ ಮುರಿಯುವಂತಿಲ್ಲ. ಇಲಿನಾಯ್‌ಗೆ ಅಯೋವಾ, ಕೆಂಟಕಿ, ಮಿಷಿಗನ್, ವಿಸ್ಕಾನ್ಸಿನ್ ಜೊತೆ ಒಪ್ಪಂದ ಇದೆ, ಇಂಡಿಯಾನಾ ಜೊತೆ ಇಲ್ಲ. ಶಿಕಾಗೊ ಸುತ್ತಿನವರು ಎಡವುವುದು ಇಲ್ಲೇ. ಇಂಡಿಯಾನಾದ ಹ್ಯಾಮಂಡ್‌ನಿಂದ ದಿನಾ ಶಿಕಾಗೊಗೆ ಬರುವ ನೌಕರನ ಸಂಬಳದಲ್ಲಿ ಇಲಿನಾಯ್ ತೆರಿಗೆ ಮುರಿಯಲೇಬೇಕು. ಇನ್ನೊಂದು ಮಾತು: ನೌಕರ ಇಂಥ ವಿನಾಯಿತಿ ಫಾರಂ ಕೈಗೆ ಕೊಡುವವರೆಗೆ ಒಪ್ಪಂದದ ಲಾಭ ಕೊಡಬೇಡಿ. ಬಾಯಿಮಾತು ಸಾಲದು.

ನ್ಯೂಯಾರ್ಕ್ ತೀರಾ ಬೇರೆ. ಮ್ಯಾನ್‌ಹಟನ್ನಿನ ಕಚೇರಿಗೆ ಸೇರಿದ ನೌಕರ ತನ್ನ ಅನುಕೂಲಕ್ಕಾಗಿ ಬೇರೆ ರಾಜ್ಯದ ಮನೆಯಿಂದ ಕೆಲಸ ಮಾಡಿದರೆ ಆ ದಿನಗಳನ್ನೂ ನ್ಯೂಯಾರ್ಕ್ ತನ್ನ ದಿನಗಳೆಂದೇ ಎಣಿಸುತ್ತದೆ. ಮನೆಯಿಂದಲೇ ಮಾಡಬೇಕಾದ ಅಗತ್ಯ ಉದ್ಯೋಗದಾತರದ್ದು ಎಂದು ತೋರಿಸಿದರೆ ಮಾತ್ರ ಬೇರೆ ಮಾತು. ಕೋವಿಡ್ ನಂತರ ವಾರಕ್ಕೆ ಎರಡು ದಿನ ಬಂದು ಹೋಗುವವರ ಲೆಕ್ಕದಲ್ಲಿ ಇದನ್ನು ಮರೆಯಬೇಡಿ.

ಕೆಲವು ಕಡೆ ರಾಜ್ಯಕ್ಕೆ ಮುರಿದರೆ ಮುಗಿಯುವುದಿಲ್ಲ. ಫಿಲಡೆಲ್ಫಿಯಾ, ಡೆಟ್ರಾಯಿಟ್, ನ್ಯೂಯಾರ್ಕ್ ನಗರ, ಒಹಾಯೊದ ನಗರಗಳು, ಮೇರಿಲ್ಯಾಂಡ್ ಮತ್ತು ಇಂಡಿಯಾನಾದ ಕೌಂಟಿಗಳಿಗೆ ಪ್ರತ್ಯೇಕ ತೆರಿಗೆ ಇದೆ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ನಡುವಿನ ಒಪ್ಪಂದ ಫಿಲಡೆಲ್ಫಿಯಾ ನಗರದ ತೆರಿಗೆಗೆ ಅನ್ವಯಿಸುವುದಿಲ್ಲ. ನ್ಯೂಜೆರ್ಸಿಯಲ್ಲಿ ಮನೆ ಇದ್ದು ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡುವವರಿಗೆ ನಗರದ ತೆರಿಗೆ ಮುರಿಯಲೇಬೇಕು.

ಫಾರಂ ಇಲ್ಲದೆ ಲೆಕ್ಕ ಇಲ್ಲ

ಫೆಡರಲ್ ಡಬ್ಲ್ಯು-4 ಇಟ್ಟುಕೊಂಡು ರಾಜ್ಯದ ತೆರಿಗೆ ಮುರಿಯಬೇಡಿ. 2020ರಲ್ಲಿ ಡಬ್ಲ್ಯು-4ರ ರೂಪ ಬದಲಾಯಿತು, ಅಲೊವೆನ್ಸ್ ಎಂಬ ಸಂಖ್ಯೆಯೇ ಅದರಲ್ಲಿ ಹೋಯಿತು. ಕ್ಯಾಲಿಫೋರ್ನಿಯಾ, ಇಲಿನಾಯ್, ನ್ಯೂಯಾರ್ಕ್ ಇನ್ನೂ ಅಲೊವೆನ್ಸ್ ಲೆಕ್ಕದಲ್ಲೇ ನಡೆಯುತ್ತಿವೆ. ಹೀಗಿರುವಾಗ ಹೊಸ ಡಬ್ಲ್ಯು-4ರಿಂದ ರಾಜ್ಯದ ಅಲೊವೆನ್ಸ್ ಎಷ್ಟು ಎಂದು ಊಹಿಸಲು ದಾರಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಇ 4, ಇಲಿನಾಯ್‌ನಲ್ಲಿ ಐಎಲ್-ಡಬ್ಲ್ಯು-4, ನ್ಯೂಯಾರ್ಕ್‌ನಲ್ಲಿ ಐಟಿ-2104, ನ್ಯೂಜೆರ್ಸಿಯಲ್ಲಿ ಎನ್‌ಜೆ-ಡಬ್ಲ್ಯು4, ಮಿಷಿಗನ್‌ನಲ್ಲಿ ಎಂಐ-ಡಬ್ಲ್ಯು4. ಕೆಲಸಕ್ಕೆ ಸೇರಿದ ದಿನವೇ ಪಡೆದುಕೊಳ್ಳಿ. ಪೆನ್ಸಿಲ್ವೇನಿಯಾದಲ್ಲಿ ಅಲೊವೆನ್ಸ್ ಇಲ್ಲ, ಎಲ್ಲರಿಗೂ ನೇರವಾಗಿ ಶೇ 3.07. ಕೊಲರಾಡೊ, ಯೂಟಾದಂಥ ಕೆಲವೇ ರಾಜ್ಯಗಳು ಫೆಡರಲ್ ಡಬ್ಲ್ಯು-4 ಅನ್ನೇ ಒಪ್ಪುತ್ತವೆ. ಅರಿಜೋನಾದ್ದು ಇನ್ನೊಂದು ಕ್ರಮ: ಎ-4 ಫಾರಂನಲ್ಲಿ ನೌಕರನೇ ಶೇಕಡಾವಾರು ದರ ಆರಿಸುತ್ತಾನೆ, ಆರಿಸದಿದ್ದರೆ ಶೇ 2 ಮುರಿಯಬೇಕು.

ನೌಕರ ಫಾರಂ ಕೊಡದಿದ್ದರೆ ಏನು ಮಾಡಬೇಕು ಎಂದೂ ರಾಜ್ಯವೇ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಅವನನ್ನು ಅವಿವಾಹಿತ, ಸೊನ್ನೆ ಅಲೊವೆನ್ಸ್ ಎಂದು ಹಿಡಿದು ಮುರಿಯಬೇಕು. ಮದುವೆಯಾಗಿದೆ, ಎರಡು ಮಕ್ಕಳಿದ್ದಾರೆ ಎಂದು ನಿಮಗೆ ಗೊತ್ತಿದ್ದರೂ, ಅವರ ಮನೆಯ ನಾಮಕರಣಕ್ಕೆ ನೀವೇ ಹೋಗಿ ಬಂದಿದ್ದರೂ, ನೀವಾಗಿ ಸಂಖ್ಯೆ ಹಾಕುವಂತಿಲ್ಲ.

ನೌಕರನ ಫಾರಂ ನೀವು ತುಂಬಬೇಡಿ. ಎಷ್ಟು ಅಲೊವೆನ್ಸ್ ಹಾಕಲಿ ಎಂದು ಕೇಳಿದರೆ ಫಾರಂ ಜೊತೆ ಇರುವ ವರ್ಕ್‌ಶೀಟ್ ತೋರಿಸಿ, ಸುಮ್ಮನಾಗಿ. “ಅಣ್ಣಾ, ಈ ಸಲ ತೆರಿಗೆ ಸ್ವಲ್ಪ ಕಮ್ಮಿ ಹಿಡೀರಿ, ಊರಿಗೆ ದುಡ್ಡು ಕಳಿಸ್ಬೇಕು” ಎಂದು ಅಡುಗೆಮನೆಯಿಂದ ಹುಡುಗ ಬಂದು ನಿಂತಾಗ ಮನಸ್ಸು ಕರಗುವುದು ಸಹಜ. ಅವನಿಗೆ ಮುಂಗಡ ಕೊಡಿ, ಬೇಕಾದರೆ ಸಾಲ ಕೊಡಿ. ತೆರಿಗೆಯಲ್ಲಿ ಕೈ ಹಾಕಬೇಡಿ. ಅವನು ಹೊಸ ಫಾರಂ ತುಂಬಿ ಸಹಿ ಹಾಕಿ ಕೊಟ್ಟರೆ ಮಾತ್ರ ಲೆಕ್ಕ ಬದಲಿಸಿ.

ತನಗೆ ತೆರಿಗೆಯೇ ಬರುವುದಿಲ್ಲ, ಮುರಿಯಬೇಡಿ ಎಂದು ಡಿಇ 4ರಲ್ಲಿ ಬರೆದುಕೊಟ್ಟವರ ವಿನಾಯಿತಿ ಆ ವರ್ಷಕ್ಕೆ ಮಾತ್ರ. ಮುಂದಿನ ಫೆಬ್ರವರಿ 15ರೊಳಗೆ ಹೊಸದಾಗಿ ಕೊಡದಿದ್ದರೆ ಮುರಿಯಲು ಶುರು ಮಾಡಿ.

ಲೆಕ್ಕ ಹಾಕುವ ಬಗೆ

ಇದೇ ಮುಖ್ಯ ಭಾಗ. ಫೆಡರಲ್ ತೆರಿಗೆಯ ಇಷ್ಟು ಭಾಗ ರಾಜ್ಯಕ್ಕೆ ಎಂದು ಅಂದಾಜಿನ ಮೇಲೆ ಮುರಿಯಬೇಡಿ. ಕಳೆದ ವರ್ಷದ ಮೊತ್ತವನ್ನೇ ಮುಂದುವರಿಸಬೇಡಿ. ಮೊದಲು ಮೂರು ವಿಷಯ ಗೊತ್ತುಮಾಡಿಕೊಳ್ಳಿ: ಈ ರಾಜ್ಯದ ಕಣ್ಣಿನಲ್ಲಿ ತೆರಿಗೆಗೆ ಒಳಪಡುವ ಸಂಬಳ ಎಷ್ಟು, ಸಂಬಳದ ಅವಧಿ ಯಾವುದು, ಅಲೊವೆನ್ಸ್ ಕಳೆಯಬೇಕಾದ್ದು ಸಂಬಳದಿಂದಲೋ ತೆರಿಗೆಯಿಂದಲೋ.

ಒಂದು ಉದಾಹರಣೆ ಹಿಡಿಯೋಣ. ಎರಡು ವಾರಕ್ಕೊಮ್ಮೆ 3,000 ಡಾಲರ್ ಸಂಬಳ. ಅದರಲ್ಲಿ 200 ಡಾಲರ್ 401(ಕೆ) ನಿವೃತ್ತಿ ಖಾತೆಗೆ ಹೋಗುತ್ತದೆ, 100 ಡಾಲರ್ ತೆರಿಗೆಗೆ ಮುಂಚೆಯೇ ಆರೋಗ್ಯ ವಿಮೆಯ ಕಂತಿಗೆ ಹೋಗುತ್ತದೆ.

ನೌಕರ ನೇಪರ್‌ವಿಲ್‌ನಲ್ಲಿದ್ದಾನೆ, ಅಂದರೆ ಇಲಿನಾಯ್. ಐಎಲ್-ಡಬ್ಲ್ಯು-4ರ ಮೊದಲ ಸಾಲಿನಲ್ಲಿ ಎರಡು ಅಲೊವೆನ್ಸ್ ಬರೆದಿದ್ದಾನೆ. ಇಲಿನಾಯ್ 401(ಕೆ) ಹಣವನ್ನೂ ವಿಮೆಯ ಕಂತನ್ನೂ ಬಿಟ್ಟುಕೊಡುತ್ತದೆ, ಆದ್ದರಿಂದ ತೆರಿಗೆಗೆ ಒಳಪಡುವ ಸಂಬಳ 2,700. 2025ರಲ್ಲಿ ಒಂದು ಅಲೊವೆನ್ಸ್‌ಗೆ ವರ್ಷಕ್ಕೆ 2,850 ಡಾಲರ್. ಎರಡಕ್ಕೆ 5,700. ಎರಡು ವಾರಕ್ಕೊಮ್ಮೆ ಸಂಬಳ ಎಂದರೆ ವರ್ಷಕ್ಕೆ 26 ಸಂಬಳ. 5,700 ಅನ್ನು 26ರಿಂದ ಭಾಗಿಸಿದರೆ 219.23. ಅದನ್ನು 2,700ರಿಂದ ಕಳೆದರೆ 2,480.77. ಅದರ ಶೇ 4.95 ಎಂದರೆ 122.80 ಡಾಲರ್. ಮುರಿಯಬೇಕಾದ ಮೊತ್ತ ಇಷ್ಟೇ, ಇಷ್ಟೂ.

ಅದೇ ನೌಕರ, ಅದೇ ಸಂಬಳ, ಪಿಟ್ಸ್‌ಬರ್ಗ್‌ನಲ್ಲಿದ್ದರೆ? ಪೆನ್ಸಿಲ್ವೇನಿಯಾ ವಿಮೆಯ ಕಂತನ್ನು ಬಿಡುತ್ತದೆ, 401(ಕೆ)ಗೆ ನೌಕರ ಹಾಕುವ ಹಣವನ್ನು ಬಿಡುವುದಿಲ್ಲ. ತೆರಿಗೆಗೆ ಒಳಪಡುವ ಸಂಬಳ 2,900, ಅದರ ಶೇ 3.07 ಎಂದರೆ 89.03 ಡಾಲರ್. ಪಿಟ್ಸ್‌ಬರ್ಗ್‌ನ ಸ್ಥಳೀಯ ತೆರಿಗೆ ಇದರ ಮೇಲೆ ಬೇರೆ. ನ್ಯೂಜೆರ್ಸಿಯಲ್ಲಿ ಇದರ ತಿರುವುಮುರುವು: 401(ಕೆ)ಯನ್ನು ಬಿಡುತ್ತದೆ, ವಿಮೆಯ ಕಂತನ್ನು ಬಿಡುವುದಿಲ್ಲ, ಹಾಗಾಗಿ ಲೆಕ್ಕ ಶುರುವಾಗುವುದು 2,800ರಿಂದ. ಎಚ್‌ಎಸ್‌ಎ ಖಾತೆಗೆ ಹಾಕುವ ಹಣ ಫೆಡರಲ್ ಲೆಕ್ಕದಲ್ಲಿ ತೆರಿಗೆಯಿಂದ ಹೊರಗೆ, ಆದರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಎರಡೂ ಅದನ್ನು ಸಂಬಳಕ್ಕೇ ಸೇರಿಸುತ್ತವೆ. ಉದ್ಯೋಗದಾತರು ಹಾಕುವ ಪಾಲನ್ನೂ ಕೂಡ. ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಹೊಸ ಕಡಿತ ಸೇರಿಸುವಾಗ ‘ತೆರಿಗೆಗೆ ಮುಂಚೆ’ ಎಂಬ ಒಂದು ಗುಂಡಿ ಒತ್ತಿ ಕೈತೊಳೆದುಕೊಳ್ಳಬೇಡಿ. ಆ ರಾಜ್ಯಕ್ಕೆ ಅದು ಮುಂಚೆಯೋ ಅಲ್ಲವೋ ಬೇರೆಯಾಗಿ ನೋಡಿ.

ಅವಧಿಯ ತಪ್ಪು ಸಣ್ಣದಾಗಿ ಕಾಣುತ್ತದೆ, ಎಲ್ಲ ಸಂಬಳದಲ್ಲೂ ಮರುಕಳಿಸುತ್ತದೆ. ಎರಡು ವಾರಕ್ಕೊಮ್ಮೆ ಕೊಡುವುದೂ ತಿಂಗಳಿಗೆ ಎರಡು ಸಲ ಕೊಡುವುದೂ ಒಂದೇ ಅಲ್ಲ. ಮೊದಲನೆಯದು 26, ಎರಡನೆಯದು 24. ಮೇಲಿನ ಇಲಿನಾಯ್ ಲೆಕ್ಕದಲ್ಲಿ 26ರ ಬದಲು 24 ಹಾಕಿದರೆ ಪ್ರತಿ ಸಂಬಳದಲ್ಲೂ 90 ಸೆಂಟ್ ಕಡಿಮೆ ಬೀಳುತ್ತದೆ. ಮೂವತ್ತು ಜನ ನೌಕರರಿದ್ದರೆ ವರ್ಷದ ಕೊನೆಗೆ ಅದು 700 ಡಾಲರ್ ದಾಟುತ್ತದೆ.

ಕ್ಯಾಲಿಫೋರ್ನಿಯಾದ ಲೆಕ್ಕ ಇಲಿನಾಯ್‌ನಷ್ಟು ಸರಳವಲ್ಲ. ಅಲ್ಲಿನ ಇಡಿಡಿ ಇಲಾಖೆ ಎರಡು ದಾರಿ ಕೊಡುತ್ತದೆ: ಪಟ್ಟಿಯಲ್ಲಿ ಸಂಬಳದ ಸಾಲು ಹುಡುಕಿ ತೆರಿಗೆ ಓದಿಕೊಳ್ಳುವುದು, ಇಲ್ಲವೇ ಹಂತ ಹಂತವಾಗಿ ಲೆಕ್ಕ ಹಾಕುವುದು. ಎರಡನೆಯ ದಾರಿಯ ಹಂತಗಳನ್ನು ಸಾಫ್ಟ್‌ವೇರ್ ಬಳಸುವವರೂ ತಿಳಿದಿರಬೇಕು. ಮೊದಲು ಕಡಿಮೆ ಆದಾಯದ ವಿನಾಯಿತಿ ಪಟ್ಟಿ ನೋಡಿ. ಸಂಬಳ ಅದರೊಳಗೇ ಇದ್ದರೆ ಮುರಿಯುವ ಹಾಗಿಲ್ಲ, ಲೆಕ್ಕ ಅಲ್ಲಿಗೆ ಮುಗಿಯಿತು. ದಾಟಿದ್ದರೆ, ಅಂದಾಜು ಕಡಿತಗಳ ಹೆಸರಿನಲ್ಲಿ ನೌಕರ ಡಿಇ 4ರಲ್ಲಿ ಹೆಚ್ಚುವರಿ ಅಲೊವೆನ್ಸ್ ಕೇಳಿದ್ದಾನೆಯೇ ನೋಡಿ ಅದನ್ನು ಸಂಬಳದಿಂದ ಕಳೆಯಿರಿ. ಆಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಿರಿ. ಉಳಿದದ್ದಕ್ಕೆ ದರಪಟ್ಟಿಯಂತೆ ತೆರಿಗೆ ಹಾಕಿ. ಮಾಮೂಲಿ ಅಲೊವೆನ್ಸ್‌ಗಳನ್ನು ಕಟ್ಟಕಡೆಗೆ, ಬಂದ ತೆರಿಗೆಯಿಂದ ಕಳೆಯಬೇಕು. ಇಲಿನಾಯ್‌ನಲ್ಲಿ ಅಲೊವೆನ್ಸ್ ಸಂಬಳವನ್ನು ಇಳಿಸುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಅಲೊವೆನ್ಸ್ ತೆರಿಗೆಯನ್ನೇ ಇಳಿಸುತ್ತದೆ. ಒಂದು ರಾಜ್ಯದಲ್ಲಿ ಕಲಿತ ಕ್ರಮವನ್ನು ಇನ್ನೊಂದಕ್ಕೆ ಹೊತ್ತೊಯ್ಯಬಾರದು ಎನ್ನುವುದು ಇದಕ್ಕೇ.

ಡಿಇ 4ರಲ್ಲಿ ‘ಮನೆಯ ಮುಖ್ಯಸ್ಥ’ ಎಂಬ ಆಯ್ಕೆಯೂ ಇದೆ. ನಮ್ಮವರಲ್ಲಿ ಅನೇಕ ಗಂಡಸರು ಮನೆಗೆ ನಾನೇ ತಾನೇ ಯಜಮಾನ ಎಂದು ಅದಕ್ಕೆ ಗುರುತು ಹಾಕುತ್ತಾರೆ. ಅದು ಇರುವುದು ಮುಖ್ಯವಾಗಿ ಮದುವೆಯಾಗದೆ ಅಥವಾ ಸಂಗಾತಿಯಿಂದ ಬೇರೆಯಾಗಿ, ಮಕ್ಕಳನ್ನೋ ಅವಲಂಬಿತರನ್ನೋ ಸಾಕುತ್ತಿರುವವರಿಗೆ. ಫಾರಂ ಕೊಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಿ. ಹೇಳುವುದು ಸಲಹೆಯಲ್ಲ, ಫಾರಂನ ಅರ್ಥ ತಿಳಿಸುವುದು.

ದರ ಪ್ರತಿ ಜನವರಿಯಲ್ಲಿ ಬದಲಾಗಬಹುದು. ಇಲಿನಾಯ್ ಅಲೊವೆನ್ಸ್ 2024ರಲ್ಲಿ 2,775 ಇತ್ತು, ಮರುವರ್ಷ 2,850 ಆಯಿತು. ಇಂಡಿಯಾನಾದ ದರ ಶೇ 3.05ರಿಂದ 3ಕ್ಕೆ ಇಳಿಯಿತು. ಪತ್ರಿಕೆಯಲ್ಲಿ ಓದಿದ ತೆರಿಗೆ ದರವನ್ನು ಮುರಿಯುವ ದರ ಎಂದುಕೊಳ್ಳಲೂಬೇಡಿ. ನಾರ್ತ್ ಕ್ಯಾರೊಲಿನಾದಲ್ಲಿ 2025ರ ತೆರಿಗೆ ದರ ಶೇ 4.25, ಸಂಬಳದಲ್ಲಿ ಮುರಿಯಬೇಕಾದ್ದು ಶೇ 4.35.

ಬೋನಸ್, ಟಿಪ್ಸ್, ನಗದು

ದೀಪಾವಳಿಗೆಂದು ಬೋನಸ್ ಕೊಡುತ್ತೀರಿ, ಒಳ್ಳೆಯದು. ಅದೂ ಸಂಬಳವೇ. ಬೋನಸ್ಸನ್ನು ಪ್ರತ್ಯೇಕ ಚೆಕ್ಕಿನಲ್ಲಿ ಕೊಟ್ಟರೆ ಕ್ಯಾಲಿಫೋರ್ನಿಯಾದಲ್ಲಿ ಶೇ 10.23ರ ನೇರ ದರದಲ್ಲಿ ಮುರಿಯಬಹುದು: 5,000 ಡಾಲರ್‌ಗೆ 511.50. ಈ ದರ ಬೋನಸ್ ಮತ್ತು ಸ್ಟಾಕ್ ಆಪ್ಷನ್‌ಗೆ. ಕಮಿಷನ್, ಓವರ್‌ಟೈಮ್‌ನಂಥ ಉಳಿದ ಹೆಚ್ಚುವರಿ ಪಾವತಿಗೆ ಶೇ 6.6. ಎರಡನ್ನೂ ಅದಲು ಬದಲು ಮಾಡಬೇಡಿ. ಮಾಮೂಲಿ ಸಂಬಳದ ಜೊತೆ ಒಂದೇ ಪಾವತಿಯಾಗಿ ಕೊಟ್ಟರೆ ಎರಡನ್ನೂ ಕೂಡಿಸಿ, ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕಿ. 5,000 ಪೂರ್ತಿ ಕೈಗೆ ಬರುತ್ತದೆ ಎಂದು ನೌಕರರಿಗೆ ಮೊದಲೇ ಮಾತು ಕೊಡಬೇಡಿ. ಫೆಡರಲ್ ತೆರಿಗೆಯೇ ಶೇ 22 ಹೋಗುತ್ತದೆ.

ಹೋಟೆಲ್‌ನವರಿಗೆ: ಟಿಪ್ಸ್‌ಗೆ ಇನ್ನು ತೆರಿಗೆ ಇಲ್ಲ ಎಂಬ ಮಾತು 2025ರ ಜುಲೈನಿಂದ ಎಲ್ಲೆಡೆ ಹರಡಿದೆ. ಆ ಕಾಯ್ದೆ ಕೊಟ್ಟಿರುವುದು ಫೆಡರಲ್ ರಿಟರ್ನ್‌ನಲ್ಲಿ ನೌಕರ ಪಡೆಯಬಹುದಾದ, ವರ್ಷಕ್ಕೆ 25,000 ಡಾಲರ್‌ವರೆಗಿನ ಕಡಿತ, ಅದೂ 2028ರವರೆಗೆ ಮಾತ್ರ. ಕ್ಯಾಲಿಫೋರ್ನಿಯಾ ಅದನ್ನು ತನ್ನ ತೆರಿಗೆಗೆ ಅಳವಡಿಸಿಕೊಳ್ಳಲಿಲ್ಲ. ನಿಮ್ಮ ರಾಜ್ಯ ಲಿಖಿತವಾಗಿ ಹೇಳುವವರೆಗೆ ಟಿಪ್ಸ್ ಮೇಲೆ ರಾಜ್ಯದ ತೆರಿಗೆ ಮುರಿಯುವುದನ್ನು ನಿಲ್ಲಿಸಬೇಡಿ.

ನಗದಾಗಿ ಕೊಟ್ಟರೂ ಸಂಬಳ ಸಂಬಳವೇ. ಮುರಿಯುವ ಗೊಡವೆ ಬೇಡವೆಂದು ನೌಕರರಿಗೆ 1099 ಕೊಟ್ಟು ಗುತ್ತಿಗೆದಾರರೆಂದು ತೋರಿಸಬೇಡಿ. ನಿಮ್ಮ ಅಡುಗೆಮನೆಯಲ್ಲಿ, ನೀವು ಹೇಳಿದ ಹೊತ್ತಿಗೆ ಬಂದು, ನೀವು ಹೇಳಿದ ದೋಸೆ ಹುಯ್ಯುವವರು ಗುತ್ತಿಗೆದಾರರಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಜಾರಿಯಲ್ಲಿರುವ ಎಬಿ 5 ಕಾಯ್ದೆಯಡಿ, ಇವರು ನೌಕರರಲ್ಲ ಎಂದು ರುಜುವಾತು ಮಾಡುವ ಹೊಣೆ ನಿಮ್ಮದು.

ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಬರುತ್ತದೆ. ಎಫ್-1 ವೀಸಾದಲ್ಲಿ, ಒಪಿಟಿಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಮುರಿಯುವುದಿಲ್ಲ. ಅದನ್ನು ನೋಡಿ ರಾಜ್ಯದ ಆದಾಯ ತೆರಿಗೆಯೂ ಇಲ್ಲವೆಂದು ಬಿಟ್ಟುಬಿಡಬೇಡಿ. ಆ ವಿನಾಯಿತಿಗೂ ಇದಕ್ಕೂ ಸಂಬಂಧವಿಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ನಮ್ಮ ವಿದ್ಯಾರ್ಥಿಗಳಿಗೆ ಫೆಡರಲ್ ಲೆಕ್ಕದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುತ್ತದೆ. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಅಂತಾರಾಷ್ಟ್ರೀಯ ತೆರಿಗೆ ಒಪ್ಪಂದಗಳನ್ನು ತಮ್ಮ ತೆರಿಗೆಗೆ ಅನ್ವಯಿಸುವುದಿಲ್ಲ.

ಮುರಿದ ಹಣ ನಿಮ್ಮದಲ್ಲ

ಮುರಿದ ಹಣವನ್ನು ಬೇರೆ ಖಾತೆಯಲ್ಲಿಡಿ. ಕಾನೂನಿನ ಪ್ರಕಾರ ಅದು ನೌಕರರ ಹಣ, ರಾಜ್ಯಕ್ಕೆ ತಲುಪಿಸುವವರೆಗೆ ನಿಮ್ಮ ಕೈಯಲ್ಲಿ ನಂಬಿಕೆಯ ಮೇಲೆ ಇರುವ ಹಣ. ವ್ಯಾಪಾರ ಬಿದ್ದ ತಿಂಗಳಲ್ಲಿ ಬಾಡಿಗೆಗೋ ತರಕಾರಿಯವನಿಗೋ ಅದರಿಂದ ತೆಗೆದುಕೊಡುವ ಆಸೆ ಬರುತ್ತದೆ. ಮುಟ್ಟಬೇಡಿ. ಬಾಡಿಗೆಯವರು ಒಂದು ತಿಂಗಳು ಕಾಯಬಹುದು, ಇದು ಕಾಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಡವಾಗಿ ಕಟ್ಟಿದ ಪೇರೋಲ್ ತೆರಿಗೆಗೆ ಶೇ 15 ದಂಡ, ಮೇಲೆ ಬಡ್ಡಿ. ಕಂಪನಿ ಎಲ್‌ಎಲ್‌ಸಿ ಆಗಿದೆ, ಕಾರ್ಪೊರೇಷನ್ ಆಗಿದೆ, ನನ್ನ ಮನೆ ಸುರಕ್ಷಿತ ಎಂದು ತಿಳಿಯಬೇಡಿ. ಹಣ ಕಟ್ಟುವ ಜವಾಬ್ದಾರಿ ಹೊತ್ತವರು ಬೇಕೆಂದೇ ಕಟ್ಟದೆ ಬಿಟ್ಟರೆ ವಸೂಲಿ ಅವರ ಸ್ವಂತ ಆಸ್ತಿಯ ಮೇಲೆ ಬರುತ್ತದೆ. ಹೆಸರಿಗೆ ಮಾತ್ರ ಡೈರೆಕ್ಟರ್ ಆಗಿದ್ದು ಚೆಕ್ಕಿಗೆ ಸಹಿ ಹಾಕುತ್ತಿರುವ ಹೆಂಡತಿಗೋ ತಮ್ಮನಿಗೋ ಕೂಡ ನೋಟಿಸು ಬರಬಹುದು. ಸಹಿ ಹಾಕಿಸುವ ಮುಂಚೆ ಅವರಿಗೆ ಇದನ್ನು ಹೇಳುವುದು ನಿಮ್ಮ ಕರ್ತವ್ಯ.

ನಿಮ್ಮ ಪಾಲಿನ ತೆರಿಗೆಯನ್ನು ನೌಕರನ ಸಂಬಳದಲ್ಲಿ ಮುರಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಆದಾಯ ತೆರಿಗೆಯೂ ಎಸ್‌ಡಿಐ ಎಂಬ ಅಂಗವೈಕಲ್ಯ ವಿಮೆಯ ಕಂತೂ ನೌಕರನ ಪಾಲು. ನಿರುದ್ಯೋಗ ವಿಮೆ ಮತ್ತು ತರಬೇತಿ ತೆರಿಗೆ ನಿಮ್ಮ ಪಾಲು. ಎಸ್‌ಡಿಐಗೆ ಇದ್ದ ಸಂಬಳದ ಮಿತಿ 2024ರ ಜನವರಿ 1ರಿಂದ ಹೋಗಿದೆ, 2025ರಲ್ಲಿ ಪೂರ್ತಿ ಸಂಬಳದ ಮೇಲೆ ಶೇ 1.2. ಹಳೆಯ ಮಿತಿ ನಿಮ್ಮ ಲೆಕ್ಕದ ಹಾಳೆಯಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ತೆಗೆಯಿರಿ.

ಕ್ಯಾಲಿಫೋರ್ನಿಯಾದಲ್ಲಿ ಮೂರು ತಿಂಗಳಿಗೊಮ್ಮೆ ಡಿಇ 9, ಡಿಇ 9ಸಿ ವರದಿ ಸಲ್ಲಿಸಿ. ಕೊನೆಯ ದಿನಗಳು ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31. ಆ ಮೂರು ತಿಂಗಳು ಯಾರಿಗೂ ಸಂಬಳ ಕೊಟ್ಟಿಲ್ಲವೆಂದರೂ ಸೊನ್ನೆ ಎಂದು ಬರೆದು ಸಲ್ಲಿಸಬೇಕು. ಪೇರೋಲ್ ಕಂಪನಿಗೆ ವಹಿಸಿದ್ದರೂ ಹಣ ರಾಜ್ಯಕ್ಕೆ ತಲುಪಿದೆಯೇ ಎಂದು ರಾಜ್ಯದ ಜಾಲತಾಣದ ನಿಮ್ಮ ಖಾತೆಯಲ್ಲಿ ನೀವೇ ನೋಡಿ. ಅವರು ಕಟ್ಟದಿದ್ದರೆ ಹೊಣೆ ಅವರಿಗೆ ದಾಟುವುದಿಲ್ಲ.

ತಪ್ಪು ಸಿಕ್ಕರೆ ಅದೇ ವರ್ಷದೊಳಗೆ ಸರಿಪಡಿಸಿ. ಹೆಚ್ಚು ಮುರಿದಿದ್ದರೆ ನೌಕರನಿಗೆ ಹಿಂದಿರುಗಿಸಿ ಲಿಖಿತ ರಸೀದಿ ಪಡೆಯಿರಿ. ಕಡಿಮೆ ಮುರಿದಿದ್ದರೆ ಒಂದೇ ಸಂಬಳದಲ್ಲಿ ಎಲ್ಲವನ್ನೂ ಹೊಡೆಯಬೇಡಿ. ಮೊದಲು ಅವನನ್ನು ಕೂರಿಸಿ, ಅಂಕಿ ತೋರಿಸಿ, ಮುಂದಿನ ಎಷ್ಟು ಸಂಬಳಗಳಲ್ಲಿ ಹೇಗೆ ಹಿಡಿಯುತ್ತೀರಿ ಎಂದು ಹೇಳಿ, ರಾಜ್ಯದ ವೇತನ ಕಾನೂನು ಒಪ್ಪುವ ಹಾಗೆ ಮಾಡಿ.

ಜನವರಿ 31ರೊಳಗೆ ಡಬ್ಲ್ಯು-2 ನೌಕರರ ಕೈ ಸೇರಬೇಕು. ಅದರ 15, 16, 17ನೇ ಬಾಕ್ಸ್‌ಗಳು ರಾಜ್ಯದವು. 16ರಲ್ಲಿರುವ ರಾಜ್ಯದ ಸಂಬಳ 1ರಲ್ಲಿರುವ ಫೆಡರಲ್ ಸಂಬಳಕ್ಕೆ ಸಮ ಇರಲೇಬೇಕೆಂದಿಲ್ಲ. ಎಚ್‌ಎಸ್‌ಎ ಇರುವ ಕ್ಯಾಲಿಫೋರ್ನಿಯಾ ನೌಕರನಿಗೆ, 401(ಕೆ) ಇರುವ ಪೆನ್ಸಿಲ್ವೇನಿಯಾ ನೌಕರನಿಗೆ ಅವೆರಡೂ ಬೇರೆಯೇ ಆಗಬೇಕು. ಸಮ ಬಂದಿದ್ದರೆ ಎಲ್ಲೋ ತಪ್ಪಾಗಿದೆ, ಹುಡುಕಿ. ವರ್ಷದ ನಡುವೆ ರಾಜ್ಯ ಬದಲಿಸಿದವರಿಗೆ ಎರಡು ರಾಜ್ಯದ ಸಾಲುಗಳಿರಬೇಕು. ಪೇರೋಲ್ ದಾಖಲೆಗಳನ್ನು ಕಡಿಮೆ ಎಂದರೆ ನಾಲ್ಕು ವರ್ಷ ಇಟ್ಟುಕೊಳ್ಳಿ.

ಮುಂದಿನ ಸಂಬಳದ ದಿನಕ್ಕೆ ಮುಂಚೆ ನಿಮ್ಮ ನೌಕರರ ಪಟ್ಟಿ ತೆಗೆದು ಮೂರು ವಿಷಯ ನೋಡಿ: ಪ್ರತಿಯೊಬ್ಬರ ಕೆಲಸದ ಜಾಗ ಬರೆದಿದೆಯೇ, ಆ ರಾಜ್ಯದ ಫಾರಂ ಸಹಿ ಸಮೇತ ಇದೆಯೇ, ಸಾಫ್ಟ್‌ವೇರ್‌ನಲ್ಲಿ ಈ ವರ್ಷದ ಪಟ್ಟಿ ಇದೆಯೇ. ಒಬ್ಬರದಾದರೂ ಬಿಟ್ಟುಹೋಗಿದ್ದರೆ ಆ ಸಂಬಳ ಲೆಕ್ಕ ಹಾಕುವ ಮುಂಚೆಯೇ ಸರಿಮಾಡಿ. ರಾಜ್ಯದ ನಿಯಮ ಗೊಂದಲವಾಗಿದ್ದರೆ ಆಯಾ ರಾಜ್ಯದ ತೆರಿಗೆ ಇಲಾಖೆಯ ಉದ್ಯೋಗದಾತರ ಸಹಾಯವಾಣಿಗೆ ಫೋನ್ ಮಾಡಿ ಕೇಳಿ, ಉತ್ತರ ಕೊಟ್ಟವರ ಹೆಸರನ್ನೂ ದಿನಾಂಕವನ್ನೂ ನೌಕರನ ಕಡತದಲ್ಲಿ ಬರೆದಿಡಿ.